ಹದಿನಾಲ್ಕನೆಯ ಕಡತದ ಹಂದಿಮರಿಗಳು

ಬೀರುವಿನ ಬೀಗ ಮುರಿದಿರಲಿಲ್ಲ. ಒಳಗೆ ಇಪ್ಪತ್ಮೂರು ಕಡತ ಇರಬೇಕಿತ್ತು. ಇದ್ದದ್ದು ಇಪ್ಪತ್ತೆರಡು. ಹನ್ನೆರಡು ಹಾಳೆಯ ಹದಿನಾಲ್ಕನೆಯದು ಮಾಯವಾಗಿತ್ತು.

"ಬೀಗದ ಕೈ ಒಂದು ನನ್ನ ಹತ್ರ ಇದೆ, ಇನ್ನೊಂದು ಇವಳ ಹತ್ರ," ಎಂದರು ಸಂಶೋಧನಾಲಯದ ಮುಖ್ಯಸ್ಥರು, ಇನ್ಸ್‌ಪೆಕ್ಟರಿಗೆ. ಬೆರಳು ತೋರಿಸಿದ್ದು ಕಸ ಗುಡಿಸುವ ಹೆಂಗಸಿನತ್ತ. ಇಡೀ ಕಟ್ಟಡವೇ ಅವಳನ್ನು ಅಕ್ಕ ಎನ್ನುತ್ತಿತ್ತು. "ಸ್ಟೇಷನ್ನಿಗೆ ಕರ್ಕೊಂಡು ಹೋಗಿ. ಇನ್ನು ಇವಳಿಗೆ ಇಲ್ಲಿ ಕೆಲಸ ಇಲ್ಲ."

"ಹದಿನೆಂಟು ವರ್ಷ ಗುಡಿಸಿದೀನಿ ಸಾಹೇಬ್ರೆ," ಎಂದಳು ಅಕ್ಕ. "ಗುಜರಿಗೆ ಹಾಕೋ ಬುದ್ಧಿ ಇದ್ದಿದ್ರೆ ಬೀರುನೇ ಖಾಲಿ ಮಾಡ್ತಿದ್ದೆ. ಹನ್ನೆರಡು ಹಾಳೆ ಯಾಕೆ ಕದೀಲಿ?"

ಮಾತೇನೋ ಗಟ್ಟಿಯಾಗಿತ್ತು. ಇನ್ಸ್‌ಪೆಕ್ಟರಿಗೆ ಅವಳನ್ನು ನಂಬುವ ಆಸೆ. ನಂಬಲು ಕಾರಣವೇ ಸಿಗಲಿಲ್ಲ. "ಮಧ್ಯಾಹ್ನದವರೆಗೆ ಟೈಮ್ ಕೊಡಿ," ಎಂದು ಮುಖ್ಯಸ್ಥರಿಗೆ ಹೇಳಿದ.

*

"ನಾವು ಪ್ರಯೋಗ ಮಾಡಲ್ಲ ಸರ್, ಬೇರೆಯವರು ಮಾಡಿದ್ದನ್ನ ಕೂಡಿಸ್ತೀವಿ," ಎಂದಳು ಮುಖ್ಯಸ್ಥರ ಶಿಷ್ಯೆ.

ಉಸಿರುಗಟ್ಟಿ ಹುಟ್ಟುವ ಮಕ್ಕಳಿಗೆಂದು ಒಂದು ಔಷಧ. ಇಪ್ಪತ್ಮೂರು ಕಡೆ ಅದನ್ನು ಹಂದಿಮರಿಗಳ ಮೇಲೆ ಪರೀಕ್ಷಿಸಿದ್ದರು. ಕೆಲವರು ಒಳ್ಳೆಯದು ಎಂದಿದ್ದರು, ಕೆಲವರು ದಂಡ ಎಂದಿದ್ದರು. ಎಲ್ಲವನ್ನೂ ಕೂಡಿಸಿ ಒಂದು ತೀರ್ಪು ಕೊಡುವುದು ಇವರ ಕೆಲಸ. ಪ್ರತಿ ವರದಿಯನ್ನೂ ಶಿಷ್ಯೆಯೂ ಮುಖ್ಯಸ್ಥರೂ ಬೇರೆಬೇರೆ ಕೂತು, ಪರಸ್ಪರ ಮಾತಾಡದೆ ಓದಬೇಕು. ಸತ್ತ ಮರಿಗಳ ಸಂಖ್ಯೆಯನ್ನು ತಂತಮ್ಮ ಪಟ್ಟಿಯಲ್ಲಿ ಬರೆಯಬೇಕು. ಆಮೇಲೆ ಎರಡೂ ಪಟ್ಟಿ ತಾಳೆ ನೋಡಬೇಕು.

"ಕಳೆದ ಕಡತ ಬೇರೆಲ್ಲೂ ಸಿಗಲ್ವಾ?"

"ಕೆಳಗೆ ಲೈಬ್ರರಿಯಲ್ಲೇ ಇದೆ. ಕಳೆದಿರೋದು ಸರ್ ಪ್ರತಿ. ನನ್ನ ಹತ್ರನೂ ಒಂದು ಪ್ರತಿ ಇದೆ."

ಇನ್ಸ್‌ಪೆಕ್ಟರಿಗೆ ತಲೆಗೆ ಹುಳ ಬಿಟ್ಟಂತಾಯಿತು. ಎಲ್ಲೆಂದರಲ್ಲಿ ಸಿಗುವುದನ್ನು ಕದ್ದವನು ಕಳ್ಳನೋ, ಹುಚ್ಚನೋ?

"ನಿನ್ನೆ ಯಾರು ಬಂದಿದ್ರು?"

"ಔಷಧ ಕಂಪನಿಯವರು."

ಅವನ ಮುಖ ಅರಳಿತು.

"ಮೂರಕ್ಕೇ ಹೋದ್ರು. ಐದಕ್ಕೆ ಸರ್ ಬೀರು ತೆಗೆದಾಗ ಕಡತ ಇತ್ತು, ನಾನೇ ನೋಡಿದೆ."

ಅರಳಿದ ಮುಖ ಬಾಡಿತು.

"ಬೀರು ಯಾಕೆ ತೆಗೆದ್ರು?"

"ನಮ್ಮ ತೀರ್ಪಿಗೆ ಕಾಯ್ತಿರೋ ಆಸ್ಪತ್ರೆಯಿಂದ ಫೋನ್ ಬಂತು. ಹದಿನಾಲ್ಕನೇದರ ಬಗ್ಗೆ ಏನೋ ಅನುಮಾನ ಅಂತೆ. ಇಬ್ಬರ ಪ್ರತಿನೂ ಇವತ್ತು ತನ್ನಿ ಅಂದ್ರು." ಅವಳು ಪಟ್ಟಿಗಳನ್ನು ಹೆಮ್ಮೆಯಿಂದ ಮುಂದಿಟ್ಟಳು. "ಏನು ಅನುಮಾನನೋ! ನೋಡಿ, ಒಂದಂಕಿನೂ ಹೆಚ್ಚುಕಮ್ಮಿ ಇಲ್ಲ. ನಾನು ಮೊದಲು ಬರೆದು ಸರ್ ಕೈಗೆ ಕೊಟ್ಟೆ. ಅವರದೂ ಹಾಗೇ ಬಂತು."

ಇನ್ಸ್‌ಪೆಕ್ಟರ್ ಮಿಕಿಮಿಕಿ ನೋಡಿದ. ಅವನೂ ಹೆಂಡತಿಯೂ ಒಂದೇ ಬಟ್ಟೆಗಂಟು ಎಣಿಸಿದರೂ ಲೆಕ್ಕ ಎಂದೂ ಕೂಡುತ್ತಿರಲಿಲ್ಲ. ಶಿಷ್ಯೆಯ ಕಡತ ಎತ್ತಿಕೊಂಡು ಮೆಟ್ಟಿಲಿಳಿದ.

*

"ಹುಡುಗಿ ತಾನೇ ಜೆರಾಕ್ಸ್ ಮಾಡ್ಕೊಂಡ್ಳು," ಎಂದ ಲೈಬ್ರರಿಯವನು. "ಮುಖ್ಯಸ್ಥರಿಗೆ ನಾನೇ ಕಂಪ್ಯೂಟರಿಂದ ಪ್ರಿಂಟ್ ತೆಗೆದು ಕಳಿಸಿದೆ."

ಇನ್ಸ್‌ಪೆಕ್ಟರ್ ಅದೇ ವರದಿಯ ಹೊಸ ಪ್ರಿಂಟ್ ತೆಗೆಸಿದ. ಶಿಷ್ಯೆಯ ಪ್ರತಿಯ ಪಕ್ಕ ಇಟ್ಟ. ಆರನೆಯ ಪುಟಕ್ಕೆ ಬಂದಾಗ ಕಣ್ಣು ನಿಂತಿತು.

*

"ಕಳ್ಳಿ ಒಪ್ಪಿಕೊಂಡ್ಲಾ?" ಎಂದು ಕೇಳಿದರು ಮುಖ್ಯಸ್ಥರು.

"ಹದಿನಾಲ್ಕನೇ ಕಡತದಲ್ಲಿ, ಔಷಧ ಕೊಟ್ಟ ಮರಿಗಳಲ್ಲಿ ಸತ್ತದ್ದು ಎಷ್ಟು ಸರ್?"

"ಮೂರು."

"ಎಂಟು," ಎಂದ ಇನ್ಸ್‌ಪೆಕ್ಟರ್. "ನಿಮ್ಮ ಶಿಷ್ಯೆ ಜೆರಾಕ್ಸ್ ಮಾಡುವಾಗ ಹಾಳೆ ಮಡಚಿಕೊಂಡಿದೆ. 8ರ ಎಡಭಾಗ ಹೋಗಿ 3 ಉಳಿದಿದೆ. ನಿಮ್ಮ ಪ್ರಿಂಟಲ್ಲಿ ಮಡಿಕೆ ಇರಲಿಲ್ಲ. ಓದಿದ್ರೆ ಎಂಟು ಅಂತ ಬರೀತಿದ್ರಿ. ನೀವು ಓದಲೇ ಇಲ್ಲ, ಇವರ ಪಟ್ಟಿ ನೋಡಿ ಬರೆದ್ರಿ. ಫೋನ್ ಬಂದ ಮೇಲೆ ಕಡತ ತೆಗೆದು ನೋಡಿದ್ರಿ. ಅದನ್ನ ಆಸ್ಪತ್ರೆಗೆ ತಗೊಂಡು ಹೋದ್ರೆ ಮಾನ ಹೋಗ್ತಿತ್ತು ಅಂತ ಬಚ್ಚಿಟ್ರಿ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ ಅಕ್ಕನ ಮೇಲೆ ಹಾಕಿದ್ರಿ."

ಮುಖ್ಯಸ್ಥರು ಚೀಲದಿಂದ ಹನ್ನೆರಡು ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಶಿಷ್ಯೆ ಲೆಕ್ಕ ತಪ್ಪೋಳಲ್ಲ ಅಂತ ನಂಬಿದ್ದೆ," ಎಂದರು.

ಶಿಷ್ಯೆ ಬಿಳಿಚಿಕೊಂಡಿದ್ದಳು. "ಎಂಟು ಅಂದ್ರೆ ತೀರ್ಪೇ ತಲೆಕೆಳಗಾಗುತ್ತೆ. ಈ ಔಷಧ ಮಕ್ಕಳಿಗೆ ಕೊಡೋ ಹಾಗಿಲ್ಲ. ನಾನು ತಪ್ಪಿದ್ರೂ ನೀವು ಹಿಡೀತೀರಿ ಅನ್ನೋ ಧೈರ್ಯದಲ್ಲಿದ್ದೆ ಸರ್!"

ಬಾಗಿಲ ಬಳಿ ನಿಂತಿದ್ದ ಅಕ್ಕನಿಗೆ ಮರಿಗಳ ಲೆಕ್ಕ ಪೂರ್ತಿ ತಿಳಿಯಲಿಲ್ಲ. ತಿಳಿದಷ್ಟು ಸಾಕಾಗಿತ್ತು. ಅವಳು ಮೇಜಿನ ಹತ್ತಿರ ಬಂದು ಹಾಳೆಗಳನ್ನು ಒಂದೊಂದಾಗಿ ಎಣಿಸಿದಳು.

"ಹನ್ನೆರಡು ಹಾಳೆ ಓದೋಕೆ ಬೇಜಾರಾಗಿ," ಎಂದು ಕೇಳಿದಳು, "ನನ್ನ ಕಳ್ಳಿ ಮಾಡಿದ್ರಾ?"