ಯಾಳಿಯ ಜಪ್ತಿ

ಬಲು ಹಿಂದೆ, ಕಂಚಿನಪುರಿ ಎಂಬ ರಾಜ್ಯದಲ್ಲಿ ಸಂಕಮ್ಮನೆಂಬ ಮುದುಕಿ ಗಂಟೆ ಎರೆಯುತ್ತಿದ್ದಳು. ಅವಳ ಗಂಟೆ ಬಾರಿಸಿದ ಊರಿಗೆ ಮಾರಿ ಕಾಲಿಡುತ್ತಿರಲಿಲ್ಲ. ಕರಗಿದ ಕಂಚಿಗೆ ಬೆರೆಸುವುದೇನು ಎಂಬುದು ಆ ಮನೆತನದ ಗುಟ್ಟು. ಕುಲುಮೆ ಭೋರ್ಗರೆಯುವಾಗ ಕಿವಿಗೆ ಬಾಯಿಟ್ಟು ಒಬ್ಬರಿಗೆ ಮಾತ್ರ ಹೇಳಬೇಕು. ಮಕ್ಕಳಿಲ್ಲದ ಸಂಕಮ್ಮ ಅದನ್ನು ಇಪ್ಪತ್ತು ವರ್ಷ ತಿದಿ ಒತ್ತಿದ ಮಾರಯ್ಯನಿಗೆ ಹೇಳಿದಳು. ನಂಬಿ ಹೇಳಿದಳು, ಪಾಪ.

ಮಾರಯ್ಯನಿಗೆ ತಾಯಿಯಿಲ್ಲದ ಮಗಳೊಬ್ಬಳು, ಕೆಂಚಿ. ಜ್ವರ ಬಂದು ಅವಳ ಉಸಿರು ನಿಂತಿತು. ಆಗ ಧೂಮಾಕ್ಷನೆಂಬ ಮಾಂತ್ರಿಕ ಬಾಗಿಲಿಗೆ ಬಂದ.

"ಗುಟ್ಟು ಕೊಡು, ಉಸಿರು ಕೊಡ್ತೀನಿ."

ಮಾರಯ್ಯ ಕೊಟ್ಟ. ಮಗು ಎದ್ದು ಕೂತು ನೀರು ಕೇಳಿತು. ಮಾಂತ್ರಿಕ ಅದರ ಜೊತೆಗೊಂದು ಹೆಂಚಿನ ಮನೆಯನ್ನೂ ಕೊಟ್ಟ. ಮಾರಯ್ಯ ಬೇಡವೆನ್ನಲಿಲ್ಲ.

ಧೂಮಾಕ್ಷ ಆ ಗುಟ್ಟನ್ನು ತಿರುಚಿ ಮಾರಿಯನ್ನು ಕರೆಯುವ ಗಂಟೆ ಎರೆದ. ಊರೂರು ಹೆಣ ಹೊತ್ತವು. ಹೆದರಿದ ಜನ ತಂದು ಸುರಿದ ಚಿನ್ನದಿಂದ ಅರಮನೆ ಕಟ್ಟಿಕೊಂಡ.

ಸಂಕಮ್ಮ ಅರಸನಿಗೆ ದೂರು ಕೊಟ್ಟಳು. ಕಸುಬಿನ ಗುಟ್ಟು ಕದ್ದು ಗಳಿಸಿದ್ದೆಲ್ಲ ಜಪ್ತಿಯಾಗಿ ಗುಟ್ಟಿನ ಒಡೆಯರಿಗೆ ಸೇರಬೇಕೆಂದು ಅಲ್ಲಿಯ ಕಟ್ಟಳೆ. ಜಪ್ತಿ ಮಾಡುತ್ತಿದ್ದದ್ದು ಕೋಟೆ ಬಾಗಿಲಿನ ಕಲ್ಲು ಯಾಳಿ, ಸಿಂಹದ ಮೈ, ಆನೆಯ ಸೊಂಡಿಲು. ಅರಸ ಅದರ ಹಣೆ ಮುಟ್ಟಿದ. ಅದು ಕಣ್ಣು ಬಿಟ್ಟು ನಡೆಯಿತು.

ಮೊದಲು ಮಾಂತ್ರಿಕನ ಅರಮನೆ ಮೂಸಿತು. "ಕದ್ದದ್ದು" ಎಂದಿತು. ಗಂಟೆಗಳನ್ನು ಕಿತ್ತು ಬೆನ್ನಿಗೇರಿಸಿ ಗೋಡೆ ಎಳೆದು ಕೆಡವಿತು. ಕಂಬ ತಬ್ಬಿಕೊಂಡು ಬಿಡೆನೆಂದ ಧೂಮಾಕ್ಷ ಅದರಡಿಯೇ ಸತ್ತ. ಜನ ನಿಟ್ಟುಸಿರು ಬಿಟ್ಟರು.

ಆಮೇಲೆ ಮಾರಯ್ಯನ ಮನೆ ಮೂಸಿತು. "ಕದ್ದದ್ದು." ಹೆಂಚು, ತೊಲೆ, ಬಾಗಿಲು ಎಲ್ಲ ಬೆನ್ನಿಗೇರಿತು. ಮಾರಯ್ಯ ತಲೆ ತಗ್ಗಿಸಿ ನಿಂತಿದ್ದ.

ಕೊನೆಗೆ ಅವನ ತೋಳಲ್ಲಿದ್ದ ಕೆಂಚಿಯನ್ನು ಮೂಸಿತು.

"ಇವಳು ನನ್ನ ಮಗಳು ಸ್ವಾಮಿ, ಕದ್ದದ್ದಲ್ಲ" ಎಂದ ಮಾರಯ್ಯ.

"ಮಗಳು ನಿನ್ನವಳು. ಉಸಿರು ಕದ್ದದ್ದು."

ಯಾಳಿ ಉಸಿರೆಳೆದುಕೊಂಡಿತು. ಮಗು ತಣ್ಣಗಾಯಿತು.

ಯಾಳಿ ಆ ಉಸಿರನ್ನು ಸಂಕಮ್ಮನ ಬೊಗಸೆಯಲ್ಲಿಟ್ಟಿತು. ಹಿಂದೆಯೇ ಓಡಿಬಂದ ಮಾರಯ್ಯ ಮಗುವನ್ನು ಅವಳ ಕಾಲ ಬಳಿ ಮಲಗಿಸಿದ.

"ನನ್ನ ತಂಗಿ ಮನೇಲಿ ಏಳು ಹೆಣ ಎತ್ತಿದೀನಿ ಕಣೋ" ಎಂದಳು ಸಂಕಮ್ಮ.

"ಗೊತ್ತು ಅಮ್ಮ."

ಅವಳು ಮಗುವಿನ ಮುಖ ನೋಡಿದಳು. ಆಮೇಲೆ ಬಗ್ಗಿ ಆ ಉಸಿರನ್ನು ಮಗುವಿನ ಬಾಯಿಗೆ ಊದಿದಳು.

"ಉಸಿರು ನನ್ನದು. ಅದು ಇರೋ ಕಡೆ ಮಗು ಇರ್ತದೆ. ನೀನು ಹೊರಡು."

ಕೆಂಚಿ ಕಣ್ಣು ಬಿಟ್ಟು "ಅಪ್ಪಾ" ಎಂದು ಕೈ ಚಾಚಿದಳು. ಮಾರಯ್ಯ ಅವಳನ್ನು ಮುಟ್ಟದೆ ಎದ್ದು ಗಡಿಯ ಕಡೆ ನಡೆದ.

ಆ ರಾಜ್ಯಕ್ಕೆ ಮತ್ತೆ ಮಾರಿ ಬರಲಿಲ್ಲ, ಜನ ನೆಮ್ಮದಿಯಾಗಿ ಬಾಳಿದರು. ಕೆಂಚಿಯೂ ಬಾಳಿದಳು, ಸಂಕಮ್ಮನ ಮಗಳಾಗಿ. ಮಾರಯ್ಯನನ್ನೂ ಅವರ ಜೊತೆ ಸೇರಿಸಿ ಹೇಳೋಣವೆಂದರೆ ನನಗೆ ನಾಲಿಗೆ ಏಳುವುದಿಲ್ಲ.