ಕಾಯಿ ಮುಟ್ಟಿ ಮುಚ್ಚಿಟ್ಟ ರಿಪೋರ್ಟು

"ಸ್ಪೇರ್ ಪಾರ್ಟ್ ತರೂಕೆ ಕುಮಟೆಗೆ ಹೋದವ ನೀನು ಮಂಗಳೂರು ಬಸ್ಸಲ್ಲಿ ಎಂತಕ್ಕೆ ಕೂತಿದ್ದೆ?"

ಸುಪ್ರಿಯಾ ಹೊನ್ನಾವರದ ಪಕ್ಕದ ಕಾಸರಕೋಡ ಬಂದರಿಗೇ ಬಂದು ಕೇಳಿದಳು. ನಾನು ಬೋಟಿನ ಎಂಜಿನ್ನಿನೊಳಗೆ ಮೊಣಕೈವರೆಗೆ ಕೈ ಹಾಕಿದ್ದೆ. ನಮ್ಮ ನಿಶ್ಚಿತಾರ್ಥಕ್ಕೆ ಇನ್ನು ಎಂಟೇ ದಿನ.

"ಯಾರು ಹೇಳಿದ್ರು?"

"ನಾ ಕೆಲ್ಸ ಮಾಡೂ ಮೆಡಿಕಲ್ಲಿಗೆ ಅರ್ಧ ಹೊನ್ನಾವರ ಬರ್ತದೆ. ಮಂಗಳೂರಲ್ಲಿ ಯಾವಳಿದ್ದಾಳೆ? ನನಗಿಂತ ಬೆಳ್ಳಗಿದ್ದಾಳಾ?"

ಹೀಗೆ ಕೇಳುವಾಗ ಅವಳ ಒಂದು ಹುಬ್ಬು ಮೇಲೆ ಹೋಗುತ್ತದೆ. ಆ ಹುಬ್ಬು ನೋಡಲೆಂದೇ ಎರಡು ವರ್ಷ ಬೇಡದ ಮಾತ್ರೆ ಕೊಂಡವ ನಾನು. ಇವತ್ತು ನಗು ಬರಲಿಲ್ಲ.

"ಹೋಗು ಮಾರಾಯ್ತಿ, ತಲೆ ತಿನ್ಬೇಡ" ಎಂದು ಸ್ಪ್ಯಾನರ್ ಬಿಸಾಡಿದೆ.

ಅವಳು ಹೋಗಲಿಲ್ಲ. ಸ್ಪ್ಯಾನರ್ ಹೆಕ್ಕಿ ತನ್ನ ದುಪಟ್ಟಾದಲ್ಲೇ ಒರೆಸಿದಳು. ಹೊಸ ದುಪಟ್ಟಾ, ಗ್ರೀಸ್ ಆಯಿತು. ಮತ್ತೂ ಸಿಟ್ಟು ಬಂತು.

ಸಿಟ್ಟು ಅವಳ ಮೇಲಲ್ಲ. ಅಮ್ಮ ಎದೆಯ ಕ್ಯಾನ್ಸರಿನಲ್ಲಿ ಹೋದಳು, ಅವಳ ತಂಗಿಯೂ. ಇದು ವಂಶದಲ್ಲಿ ಇಳಿದು ಬರುವ ಜಾತಿ ಎಂದು ಮಂಗಳೂರಿನ ಡಾಕ್ಟರು ನನಗೂ ಅಂಕಿತಕ್ಕನಿಗೂ ಜೀನ್ ಟೆಸ್ಟ್ ಮಾಡಿಸಿದರು. ಇಬ್ಬರಲ್ಲೂ ಆ ಜೀನ್ ಇದೆ. ಗಂಡಸಿಗೆ ಅಪಾಯ ಕಡಿಮೆ, ಮಕ್ಕಳಿಗೆ ದಾಟುವುದು ಮಾತ್ರ ಅರ್ಧಕ್ಕರ್ಧ ಎಂದರು. ಮೊನ್ನೆ ಬಸ್ಸು ಹತ್ತಿದ್ದು ಅವರನ್ನೇ ಇನ್ನೊಮ್ಮೆ ಕೇಳಿ ಬರಲು. ಅಕ್ಕನನ್ನು ಸಂತೆಗುಳಿಗೆ ಕೊಟ್ಟಿದ್ದೇವೆ, ಭಾವನಿಗೆ ಗೊತ್ತಿಲ್ಲ. ಮಾತು ಹೊಸಿಲು ದಾಟಬಾರದೆಂದು ಅಪ್ಪ ನಮ್ಮಿಬ್ಬರಿಂದ ದೇವರ ಮುಂದೆ ತೆಂಗಿನಕಾಯಿ ಮುಟ್ಟಿಸಿ ಆಣೆ ಹಾಕಿಸಿದ. ಮರುದಿನ ಅದೇ ದೇವರ ಮುಂದೆ ನನ್ನ ಜಾತಕ ಇಟ್ಟು, ಕೈ ಮುಗಿದು, ಸುಪ್ರಿಯಾಳ ಮನೆಗೆ ಕಳಿಸಿದ. ಇಪ್ಪತ್ತೆಂಟು ಗುಣ ಕೂಡಿತಂತೆ! ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ನನಗೂ ಗೊತ್ತು, ಕಳಿಸಬೇಕಿದ್ದದ್ದು ಯಾವ ಕಾಗದ ಎಂದು.

ಹೇಳಿದರೆ ಅಕ್ಕನ ಸಂಸಾರ, ಹೇಳದಿದ್ದರೆ ಇವಳು. ಎರಡೂ ಕಡೆ ಹಗ್ಗ ಬಿಗಿದು ಕಟ್ಟಿದ ಬೋಟು. ಎಂಜಿನ್ ಎಷ್ಟು ಕೂಗಿದರೂ ಅಲ್ಲೇ.

"ವಿಘ್ನೇಶ," ಅವಳ ದನಿ ಸಣ್ಣದಾಯಿತು. "ಬೇಡ ಅಂದ್ರೆ ಬೇಡ ಅಂತ ಹೇಳು. ಅಪ್ಪಯ್ಯಂಗೆ ನಾನೇ ಹೇಳ್ತೆ."

ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ, ಕೂಗಿಯೇ ಹೇಳಿದೆ. ಪಕ್ಕದ ಬೋಟಿನ ಸದ್ದಿಲ್ಲದಿದ್ದರೆ ಇಡೀ ಬಂದರಿಗೆ ಕೇಳುತ್ತಿತ್ತು.

ಅವಳು ಒರೆಸಿದ ಸ್ಪ್ಯಾನರನ್ನು ಎಂಜಿನ್ನಿನ ಮೇಲಿಟ್ಟಳು.

"ಅಕ್ಕಂಗೆ ಫೋನ್ ಹಚ್ಚು."

"ಎಂತಕ್ಕೆ?"

"ಅವಳ ಗುಟ್ಟು ನೀನು ನಂಗೆ ಹೇಳಿದ್ದೆ. ಅವಳಿಗೆ ಗೊತ್ತಾಗೂದು ಬೇಡ್ವಾ? ಹಚ್ಚು ಮಾರಾಯ."

ಹಚ್ಚಿ ಹೇಳಿದೆ. ಅಕ್ಕ, "ಎಂತಕ್ಕೆ ಹೇಳ್ದ್ಯೋ? ಕಾಯಿ ಮುಟ್ಟಿದ್ಯಲ್ಲೋ!" ಎಂದು ಅಳತೊಡಗಿದಳು. ಸುಪ್ರಿಯಾ ಫೋನ್ ಕಿತ್ತುಕೊಂಡಳು.

"ಅಕ್ಕ, ನಾನು ಸುಪ್ರಿಯಾ. ಆಣೆ ಮುರಿದವ ಇವನು, ದೇವರಿಗೆ ಇವನೇ ತಪ್ಪು ಕಾಣಿಕೆ ಹಾಕ್ಲಿ. ನನ್ನ ಬಾಯಿಂದ ಒಂದು ಮಾತೂ ಹೊರಗೆ ಬೀಳೂದಿಲ್ಲ. ಭಾವಂಗೆ ಯಾವಾಗ ಹೇಳೂದು ಅಂತ ನೀವೇ ನೋಡಿ. ಆದ್ರೆ ಚೆಕಪ್ ತಪ್ಪಿಸ್ಬೇಡಿ. ತಡ ಮಾಡಿ ಬಂದವ್ರಿಗೆ ನಾ ದಿನಾ ಔಷಧ ಕೊಡ್ತೆ ಅಕ್ಕ."

ಆ ಕಡೆಯಿಂದ ಅಕ್ಕ ಏನೋ ಕೇಳಿದಳು. ಸುಪ್ರಿಯಾ ನನಗೆ ಬೆನ್ನು ಹಾಕಿ ನಿಂತಳು. ಅವಳ ಕಿವಿ ಕೆಂಪಾಗುವುದು ಮಾತ್ರ ಕಂಡಿತು.

"ಇಲ್ಲ, ಬಿಡೂದಿಲ್ಲ. ಹೆದರಿಕೆ ಆಗ್ತದೆ ಅಕ್ಕ, ಸುಳ್ಳು ಎಂತಕ್ಕೆ ಹೇಳಲಿ. ಆದ್ರೂ ನಂಗೆ ಇವನೇ ಬೇಕು."

ಎರಡು ವರ್ಷದಲ್ಲಿ ಒಮ್ಮೆಯೂ ನನಗೆ ಹೇಳದ ಮಾತನ್ನು ಅವಳು ನನ್ನಕ್ಕನಿಗೆ ಹೇಳಿದಳು.