ಈರುಳ್ಳಿ ಬೇಡವೆಂದವನು

"ಈರುಳ್ಳಿ ಬೇಡ," ಎಂದ ಅವನು, ಮೊದಲ ದಿನವೇ. ಮರೈಕೆಗೆ ಅನುಮಾನ ಹುಟ್ಟಿದ್ದು ಆ ಒಂದು ಮಾತಿಗೆ.

ಡೆಲ್ಫ್ಟಿನ ಕಾಲುವೆ ದಂಡೆಯ ಮೀನಿನ ಗಾಡಿಯಲ್ಲಿ ಹದಿನಾರು ವರ್ಷದಿಂದ ನಿಂತವಳು ಅವಳು. ಉಪ್ಪಿನಲ್ಲಿಟ್ಟ ಹಸಿ ಹೆರಿಂಗ್ ಮೀನನ್ನು ಹೆಚ್ಚಿದ ಈರುಳ್ಳಿಯಲ್ಲಿ ಹೊರಳಿಸಿ, ಬಾಲ ಹಿಡಿದೆತ್ತಿ ಬಾಯಿಗಿಳಿಸುವುದು ಅಲ್ಲಿನ ಗಿರಾಕಿಗಳ ರೂಢಿ. ಈರುಳ್ಳಿ ಬೇಡ ಎನ್ನುವವರು ಅವಳಿಗೆ ಗೊತ್ತಿದ್ದಂತೆ ಒಂದೇ ಜಾತಿಯವರು, ಪ್ರತಿ ಜೂನ್‌ನಲ್ಲಿ ಪತ್ರಿಕೆಯೊಂದು ಗುಟ್ಟಾಗಿ ಕಳಿಸುವ ರುಚಿ ಪರೀಕ್ಷಕರು. ಈರುಳ್ಳಿ ಮೀನಿನ ಐಬನ್ನೆಲ್ಲ ಮುಚ್ಚಿಬಿಡುತ್ತದಲ್ಲ, ಅದಕ್ಕೇ ಅವರು ಅದನ್ನು ಮುಟ್ಟುವುದಿಲ್ಲ.

ಹೋದ ವರ್ಷ ಅವರು ಕೊಟ್ಟದ್ದು ಹತ್ತಕ್ಕೆ ನಾಲ್ಕು. ಅದು ಅಚ್ಚಾದ ದಿನ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದ ಅಪ್ಪ ಯೋಪ್ ಮತ್ತೆ ಅದನ್ನು ತೊಡಲಿಲ್ಲ. ಈ ಸಲವೂ ಹೀಗೇ ಆದರೆ ಗಾಡಿ ಮಾರಿಬಿಡೋಣ ಎಂದು ಹೇಳಿಯೂ ಆಗಿತ್ತು. ಮರೈಕೆಗೆ ಬೇರೆ ಕಸುಬು ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಹಾಗಾಗಿ ಆ ಮನುಷ್ಯನ ಮೇಲೆ ಅವಳು ಕಣ್ಣಿಟ್ಟಳು. ಹೆಸರು ಡುವಾರ್ಟೆ, ಪೋರ್ಚುಗಲ್ಲಿನವನು, ಸಮುದ್ರದ ಒಡ್ಡು ನೋಡಿಕೊಳ್ಳುವ ಎಂಜಿನಿಯರ್. ಹಾಗೆಂದು ಅವನು ಹೇಳಿಕೊಳ್ಳುತ್ತಿದ್ದ, ಯಾರು ಕಂಡವರು! ದಿನಾ ಹನ್ನೆರಡೂ ನಲವತ್ತಕ್ಕೆ ಸೈಕಲ್ಲನ್ನು ಲಿಂಡನ್ ಮರಕ್ಕೆ ಒರಗಿಸಿ ಬಂದು, ಹಿಂದಿನ ದಿನ ಏನೇನು ತಿಂದೆ ಎಂದು ವರದಿ ಒಪ್ಪಿಸುತ್ತಿದ್ದ. ಆಲೂಗಡ್ಡೆ ಸೊಪ್ಪು ಕಿವುಚಿದ್ದು ಎರಡು ಸಲ ಹಾಕಿಸಿಕೊಂಡನಂತೆ. ಚಮಚ ನೆಟ್ಟರೆ ನಿಲ್ಲುವಂಥ ಬಟಾಣಿ ಸೂಪು ಕುಡಿದನಂತೆ. ಅದು ಚಳಿಗಾಲದ್ದು, ಜೂನ್‌ನಲ್ಲಿ ಯಾರು ಕುಡಿಯುತ್ತಾರೆ ಎಂದು ಅವಳು ಕೇಳಿದರೆ, "ಇದು ನಿಮಗೆ ಬೇಸಿಗೆಯಾ? ನಾನು ಚಳಿಗಾಲ ಅಂದ್ಕೊಂಡಿದ್ದೆ," ಎಂದು ಕೋಟಿನ ಕಾಲರ್ ಎತ್ತಿಕೊಂಡ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಸಣ್ಣದಾಗುತ್ತಿತ್ತು. ಅವಳು ಅದನ್ನೂ ಗಮನಿಸಿದಳು.

ಇಲ್ಲಿನ ಊಟವನ್ನು ಇಲ್ಲಿನವರೇ ಇಷ್ಟು ಹೊಗಳುವುದಿಲ್ಲ. ಅದೇ ದೊಡ್ಡ ಅನುಮಾನ. ಸಾಲದ್ದಕ್ಕೆ, ಹೊರಡುವಾಗ ವಾಚು ನೋಡಿ, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಗೀಚುತ್ತಿದ್ದ. ಒಮ್ಮೆ ಮೇಜು ಒರೆಸುವ ನೆಪದಲ್ಲಿ ಅವಳು ಬಗ್ಗಿ ನೋಡಿದಳು. ತಾರೀಖು, ಪಕ್ಕದಲ್ಲಿ ಅಂಕ. ಆರು, ಒಂಬತ್ತು, ನಾಲ್ಕು. ಪರೀಕ್ಷಕನೇ ಸರಿ.

ಅಂದಿನಿಂದ ಬುಟ್ಟಿಯ ತಳ ಕೆದಕಿ ಕೊಬ್ಬಿದ ಮೀನನ್ನೇ ಅವನಿಗೆ ಆರಿಸಿಟ್ಟಳು. ನೀಲಿ ಸ್ಕಾರ್ಫ್ ಕಟ್ಟಿದಳು. ಅಂಕಕ್ಕಾಗಿ ಕಟ್ಟಿದೆನೋ ಅವನಿಗಾಗಿಯೋ ಎಂದು ಕನ್ನಡಿಯ ಮುಂದೆ ನಿಂತು ಕೇಳಿಕೊಂಡರೆ ಉತ್ತರ ಬರುತ್ತಿರಲಿಲ್ಲ. ಅವನ ಮೇಲಿನ ಅನುಮಾನಕ್ಕಿಂತ ತನ್ನ ಮೇಲಿನದೇ ಹೆಚ್ಚು ಕೊರೆಯುತ್ತಿತ್ತು.

ಎರಡು ವಾರ ಹೀಗೇ ನಡೆಯಿತು. ಒಂದು ದಿನ ನೆಗಡಿ ಬಂದು ಅವಳು ಹೆಚ್ಚು ಮಾತಾಡಲಿಲ್ಲ. ಮರುದಿನ ಅವನು ಪುಸ್ತಕ ತೆರೆದಾಗ ಅವಳಿಗೆ ಕಂಡಿತು, ಹಿಂದಿನ ದಿನದ ಎದುರು ಎರಡು. ಅವಳಿಗೆ ತಡೆಯಲಾಗಲಿಲ್ಲ.

"ಎರಡಾ? ನಿನ್ನೆ ಕೊಟ್ಟ ಆ ಮೀನಿಗೆ ಎರಡಾ?"

ಅವನು ಕಕ್ಕಾಬಿಕ್ಕಿಯಾದ.

"ನಾಟಕ ಬೇಡ. ನೀವು ಪತ್ರಿಕೆಯವರು ಅಂತ ನಂಗೊತ್ತು. ದಿನಾ ಇದ್ದಿದ್ರಲ್ಲಿ ಒಳ್ಳೇದನ್ನೇ ಹುಡುಕಿ ಹುಡುಕಿ ಕೊಟ್ಟಿದ್ದೀನಿ."

ಅವನ ಮುಖ ಸಪ್ಪಗಾಯಿತು. "ಅಂಕಕ್ಕೋಸ್ಕರಾನಾ?" ಎಂದ. ಆಮೇಲೆ ಮೆಲ್ಲಗೆ, "ಆ ಸ್ಕಾರ್ಫೂ?"

ಅವಳ ಕೈ ಸ್ಕಾರ್ಫಿನ ಗಂಟಿಗೆ ಹೋಯಿತು. ಅವನು ಪುಸ್ತಕವನ್ನು ಅವಳತ್ತ ತಿರುಗಿಸಿದ. "ಇವು ನಿಮಿಷ. ನೀವು ನನ್ನ ಜೊತೆ ಮಾತಾಡಿದ್ದು. ನಿನ್ನೆ ಎರಡೇ ಆಯ್ತು." ಅಷ್ಟು ಹೇಳಿ ಸೈಕಲ್ ಹತ್ತಿದ. ಬಾಲದ ತುದಿ ಬಿಟ್ಟು ಏನೂ ಉಳಿಸದಿದ್ದವನು ಅಂದು ಅರ್ಧ ಮೀನು ಬಿಟ್ಟು ಹೋಗಿದ್ದ.

ಮೂರು ದಿನ ಅವನ ಸುಳಿವಿಲ್ಲ. ನಿಮಿಷ ಲೆಕ್ಕ ಹಾಕುವವನು ಯಾವ ಸೀಮೆಯ ಗಂಡಸು, ಅದೂ ಸುಳ್ಳೇ ಇರಬೇಕು ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಳು. ಆದರೂ ಹನ್ನೆರಡೂ ನಲವತ್ತಾದರೆ ಹಾಳು ಕಣ್ಣು ಲಿಂಡನ್ ಮರದ ಬುಡಕ್ಕೇ ಹೋಗುತ್ತಿತ್ತು. ಬಂದಿಲ್ಲವೆಂದು ಅಳು ಬಂತು. ಈರುಳ್ಳಿ ಹೆಚ್ಚುವವಳಿಗೆ ಅದೊಂದು ಅನುಕೂಲ, ಯಾರೂ ಯಾಕೆಂದು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ಪತ್ರಿಕೆ ಹಿಡಿದು ಬಂದ. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದ: "ಮೀನಿಗೆ ಎಂಟೂವರೆ. ಆದರೆ ಮಾರುವಾಕೆಯ ಕಣ್ಣೆಲ್ಲ ಒಬ್ಬನೇ ಗಿರಾಕಿಯ ಮೇಲೆ. ಕೈ ಒರೆಸುವ ಕಾಗದಕ್ಕೆ ನಾನು ಮೂರು ಸಲ ಕೇಳಬೇಕಾಯಿತು."

ಮರೈಕೆಯ ಕಿವಿ ಕೆಂಪಾಯಿತು.

"ಯಾರಮ್ಮಾ ಆ ಒಬ್ಬ?"

"ಪರೀಕ್ಷಕ ಅಂದ್ಕೊಂಡಿದ್ದೆ ಅಪ್ಪಾ. ಈರುಳ್ಳಿ ಬೇಡ ಅಂತಿದ್ದ."

"ಪರೀಕ್ಷಕರು ಒಂದೇ ಸಲ ಬರೋದು. ದಿನಾ ಬರೋನು ಬೇರೆ ಏನಕ್ಕೋ ಬರ್ತಾನೆ. ಅಷ್ಟೂ ಗೊತ್ತಾಗಲ್ವಾ ನಿಂಗೆ?" ಎಂದ ಅಪ್ಪ, ಗೂಟದಿಂದ ಏಪ್ರನ್ ತೆಗೆದು ಕಟ್ಟಿಕೊಳ್ಳುತ್ತ.

ಗೊತ್ತಿತ್ತು. ಒಪ್ಪಿಕೊಳ್ಳುವುದಕ್ಕೆ ಹೆದರಿಕೆಯಾಗಿತ್ತು, ಅಷ್ಟೇ.

ಹನ್ನೆರಡೂ ನಲವತ್ತಕ್ಕೆ ಸೈಕಲ್ ಮರಕ್ಕೆ ಒರಗಿತು. ಡುವಾರ್ಟೆ ಪುಟ್ಟ ಪುಸ್ತಕದೊಳಗಿಂದ ಪತ್ರಿಕೆಯ ತುಣುಕು ತೆಗೆದ. "ಡಿಕ್ಷನರಿ ಇಟ್ಕೊಂಡು ಓದಿದೆ. ಆ ಒಬ್ಬ ಗಿರಾಕಿ ಯಾರು ಅಂತ ಮಾತ್ರ ಅದರಲ್ಲಿಲ್ಲ."

"ನೀವೇ. ಅನುಮಾನದಿಂದ ನೋಡ್ತಿದ್ದೆ."

"ಬರೀ ಅನುಮಾನಾನಾ?"

"ಮೊದಲ ನಾಲ್ಕು ದಿನ." ಅವಳು ಚಾಕು ಕೆಳಗಿಟ್ಟಳು. "ಆಮೇಲೆ, ನೀವು ಪರೀಕ್ಷಕರಾಗಿರಬಾರದು ದೇವರೇ ಅಂತ ಬೇಡ್ಕೊಳ್ತಿದ್ದೆ. ಪರೀಕ್ಷಕರಾದ್ರೆ ಜೂನ್ ಮುಗಿದ ಮೇಲೆ ಬರಲ್ವಲ್ಲ."

ಅವನ ಎಡಗಣ್ಣು ಸಣ್ಣದಾಯಿತು. ಆದರೆ ಅವಳಿಗೆ ಇನ್ನೂ ಒಂದು ಕೇಳುವುದಿತ್ತು. "ಮತ್ತೆ ಈರುಳ್ಳಿ ಯಾಕೆ ಬೇಡ ಅಂತಿದ್ರಿ? ನಿಜ ಹೇಳಿ."

ಅವನು ನೆಲ ನೋಡಿದ. "ಈರುಳ್ಳಿ ಅಂದ್ರೆ ನಂಗೆ ಪ್ರಾಣ. ಆ ವಾಸನೆ ಇಟ್ಕೊಂಡು ನಿಮ್ಮ ಹತ್ರ ನಿಂತು ಹೇಗೆ ಮಾತಾಡೋದು?"

ಮರೈಕೆ ಬುಟ್ಟಿಯಿಂದ ಎರಡು ಮೀನು ತೆಗೆದಳು, ಆರಿಸಲಿಲ್ಲ, ಕೈಗೆ ಸಿಕ್ಕಿದ್ದು. ಎರಡನ್ನೂ ಈರುಳ್ಳಿಯಲ್ಲಿ ಚೆನ್ನಾಗಿ ಹೊರಳಿಸಿದಳು. ಒಂದನ್ನು ಅವನ ಮುಂದಿಟ್ಟು, ಇನ್ನೊಂದರ ಬಾಲ ತಾನೇ ಹಿಡಿದೆತ್ತಿದಳು.

"ತಿನ್ನು," ಎಂದಳು, ಮೊದಲ ಸಲ ಏಕವಚನದಲ್ಲಿ. "ಇಬ್ಬರೂ ತಿಂದ್ರೆ ಒಬ್ಬರ ವಾಸನೆ ಒಬ್ಬರಿಗೆ ಗೊತ್ತಾಗಲ್ಲ."

ಯೋಪ್ ಅವರಿಬ್ಬರಿಗೂ ಬೆನ್ನು ಮಾಡಿ ನಿಂತು, ಸಾಲಿನಲ್ಲಿದ್ದವರು ಕೇಳುವ ಮೊದಲೇ ಎಲ್ಲರಿಗೂ ಕೈ ಒರೆಸುವ ಕಾಗದ ಹಂಚಿದ. ಆ ದಿನದ ತಾರೀಖಿನ ಪಕ್ಕ ಡುವಾರ್ಟೆ ಏನೂ ಬರೆಯಲಿಲ್ಲ. ವಾಚು ನೋಡುವುದನ್ನೇ ಮರೆತಿದ್ದ.